ಹೆಸರು ಅವರದು, ಹಾರಾಟ ಇವರದು

ಕಳೆದ ವಾರ ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಶಾಲೆಗೆ ಬಂದಿದ್ದರು. "ಮೇಷ್ಟ್ರೇ, ದೊಡ್ಡ ಹೆಸರಿನ ಕೋಚಿಂಗ್ ಸೆಂಟರ್ ನಮ್ಮೂರಿಗೇ ಬಂದಿದೆ. ಮಗಳನ್ನು ಸೇರಿಸಲೇ?" ಎಂದು ಕೇಳಿದರು. "ಅಲ್ಲಿ ಪಾಠ ಮಾಡುವವರು ಯಾರು?" ಎಂದೆ. ಅವರಿಗೆ ಗೊತ್ತಿರಲಿಲ್ಲ. ಬೋರ್ಡು ಮಾತ್ರ ನೋಡಿದ್ದರು.

ಹೆಸರು ಒಬ್ಬರದು, ನಡೆಸುವವರು ಇನ್ನೊಬ್ಬರು. ಇಂಥ ಏರ್ಪಾಟಿಗೆ ಫ್ರಾಂಚೈಸಿ ಎನ್ನುತ್ತಾರೆ. ಐಸ್‌ಕ್ರೀಮ್ ಅಂಗಡಿಗಳಲ್ಲಿ ಇದು ನಮಗೆಲ್ಲ ಪರಿಚಿತ. ಆದರೆ ಆಕಾಶದಲ್ಲಿ ಹಾರುವ ವಿಮಾನಕ್ಕೂ ಇದು ಉಂಟು ಎಂದರೆ ಮಕ್ಕಳಿಗೆ ಆಶ್ಚರ್ಯವಾದೀತು. ಸ್ಕಾಟ್ಲೆಂಡಿನ ಲೋಗನ್‌ಏರ್ ಸಂಸ್ಥೆಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ.

ವಿಲ್ಲಿ ಲೋಗನ್ ಎಂಬ ಗುತ್ತಿಗೆದಾರರ ನಿರ್ಮಾಣ ಕಂಪನಿ 1962ರಲ್ಲಿ ಎಡಿನ್‌ಬರೋ ಮತ್ತು ಡಂಡೀ ನಗರಗಳ ನಡುವೆ ಒಂದು ಪುಟ್ಟ ವಿಮಾನವನ್ನು ಟ್ಯಾಕ್ಸಿಯಂತೆ ಓಡಿಸತೊಡಗಿತು. ಅದೇ ಲೋಗನ್‌ಏರ್. ಮುಂದೆ ಅದು ಉತ್ತರದ ದ್ವೀಪಗಳಿಗೆ ಸೇವೆ ವಿಸ್ತರಿಸಿತು. ಆರ್ಕ್ನಿ ದ್ವೀಪಸಮೂಹದ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ದೂರ ಕೇವಲ 2.7 ಕಿ.ಮೀ. 1967ರಲ್ಲಿ ಆರಂಭವಾದ ಇದು ಜಗತ್ತಿನಲ್ಲೇ ಅತಿ ಚಿಕ್ಕ ನಿಗದಿತ ವಿಮಾನಯಾನ. ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಗಾಳಿ ಅನುಕೂಲವಾದಾಗ 53 ಸೆಕೆಂಡಿನಲ್ಲಿ ಮುಗಿದದ್ದೂ ಉಂಟು. ಹಾಗಾದರೆ ಆ ದಿನದ ಸರಾಸರಿ ವೇಗವೆಷ್ಟು? ಲೆಕ್ಕ ಹಾಕಿ ನೋಡಿ, ಗಂಟೆಗೆ ಸುಮಾರು 183 ಕಿ.ಮೀ. ಬರಬೇಕು. 2011ರ ಜನಗಣತಿಯಲ್ಲಿ ಪಾಪಾ ವೆಸ್ಟ್ರೇಯ ಜನಸಂಖ್ಯೆ 90. ಅಲ್ಲಿಯವರಿಗೆ ಈ ವಿಮಾನವೆಂದರೆ ಮೋಜಲ್ಲ, ನಮಗೆ ಬಸ್ಸು ಇದ್ದ ಹಾಗೆ.

ಬಾರಾ ದ್ವೀಪದ ಸಂಗತಿ ಇನ್ನೂ ಸ್ವಾರಸ್ಯಕರ. ಅಲ್ಲಿ ವಿಮಾನ ಇಳಿಯುವುದು ಸಮುದ್ರತೀರದ ಮರಳಿನ ಮೇಲೆ! ಉಬ್ಬರದಲ್ಲಿ ಓಡುದಾರಿ ನೀರಿನಡಿ ಮುಳುಗುತ್ತದೆ, ಇಳಿತದಲ್ಲಿ ಮತ್ತೆ ತೆರೆದುಕೊಳ್ಳುತ್ತದೆ. ಉಬ್ಬರವಿಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದನ್ನು ನೀವು ಓದಿದ್ದೀರಿ. ಹಾಗಾಗಿ ಗ್ಲಾಸ್ಗೋದಿಂದ ಬರುವ 19 ಆಸನಗಳ ಟ್ವಿನ್ ಆಟರ್ ವಿಮಾನದ ವೇಳೆಯನ್ನು ಚಂದ್ರನನ್ನು ಕೇಳಿಯೇ ಗೊತ್ತುಮಾಡಬೇಕು.

ಇಷ್ಟು ಕಷ್ಟದ ಕೆಲಸ ಮಾಡುವ ಸಂಸ್ಥೆಯ ಹೆಸರು ಬಹುಕಾಲ ಅದರ ವಿಮಾನಗಳ ಮೇಲೆಯೇ ಇರಲಿಲ್ಲ. 1994ರಲ್ಲಿ ಅದು ಬ್ರಿಟಿಷ್ ಏರ್‌ವೇಸ್‌ನ ಫ್ರಾಂಚೈಸಿಯಾಯಿತು. ಇಂಥ ಒಪ್ಪಂದದಲ್ಲಿ ಬಣ್ಣ, ಸಮವಸ್ತ್ರ, ಟಿಕೆಟ್ಟಿನ ಸಂಕೇತ ಎಲ್ಲ ದೊಡ್ಡವರದು. ವಿಮಾನ, ಪೈಲಟ್, ಲಾಭನಷ್ಟ ಚಿಕ್ಕವರದು. ಹೆಸರಿಗಾಗಿ ಶುಲ್ಕವನ್ನೂ ಕಟ್ಟಬೇಕು. ಪ್ರಯೋಜನವಿಲ್ಲದೆ ಇಲ್ಲ. ದೊಡ್ಡ ಹೆಸರಿನ ಮೇಲೆ ಜನ ನಂಬಿಕೆಯಿಡುತ್ತಾರೆ. ದ್ವೀಪದವರು ಒಂದೇ ಟಿಕೆಟ್ಟಿನಲ್ಲಿ ದೂರದೇಶಕ್ಕೂ ಹೋಗಬಹುದು. 2008ರಲ್ಲಿ ಆ ಒಪ್ಪಂದ ಮುಗಿದು ಫ್ಲೈಬಿ ಎಂಬ ಸಂಸ್ಥೆಯ ಹೆಸರು ಬಂತು. 2017ರ ಸೆಪ್ಟೆಂಬರಿನಿಂದ ಲೋಗನ್‌ಏರ್ ತನ್ನ ಸ್ವಂತ ಹೆಸರಿನಲ್ಲೇ ಹಾರತೊಡಗಿತು.

ಮುಂದೇನಾಯಿತು ನೋಡಿ. 2020ರ ಮಾರ್ಚ್ 5ರಂದು ಫ್ಲೈಬಿ ಬಾಗಿಲು ಮುಚ್ಚಿತು. ಹೆಸರು ಕೊಟ್ಟಿದ್ದ ಸಂಸ್ಥೆ ಮುಳುಗಿತು, ಹೆಸರು ಪಡೆದಿದ್ದ ಸಂಸ್ಥೆ ಉಳಿಯಿತು. ಅಷ್ಟೇ ಅಲ್ಲ, ಫ್ಲೈಬಿ ಬಿಟ್ಟುಹೋದ 16 ಮಾರ್ಗಗಳನ್ನು ತಾನೇ ನಡೆಸುವುದಾಗಿ ಲೋಗನ್‌ಏರ್ ಮುಂದೆ ಬಂತು. ಹೊರಗಿನ ಬಣ್ಣ ಎರಡು ಸಲ ಬದಲಾದರೂ ಮರಳಿನ ಮೇಲೆ ಇಳಿಯುವ ವಿದ್ಯೆ ಅದರ ಸ್ವಂತದ್ದೇ ಆಗಿತ್ತಲ್ಲವೇ?

ಕಾನೂನು ಕೂಡ ಬಣ್ಣಕ್ಕೆ ಮರುಳಾಗುವುದಿಲ್ಲ. ವಿಮಾನ ನಡೆಸುವ ಪರವಾನಗಿ ಯಾರ ಹೆಸರಿನಲ್ಲಿದೆಯೋ ದುರಸ್ತಿ, ಸುರಕ್ಷತೆಯ ಹೊಣೆ ಅವರದೇ. ನಿಜವಾಗಿ ವಿಮಾನ ನಡೆಸುವವರು ಯಾರೆಂಬುದನ್ನು ಟಿಕೆಟ್ ಕಾದಿರಿಸುವಾಗಲೇ ಪ್ರಯಾಣಿಕರಿಗೆ ತಿಳಿಸಬೇಕೆಂದು ಯುರೋಪಿಯನ್ ಒಕ್ಕೂಟ 2005ರಲ್ಲಿ ನಿಯಮವನ್ನೇ ಮಾಡಿತು. ಇದನ್ನು ಕೇಳುವುದು ಅನುಮಾನವಲ್ಲ, ನಮ್ಮ ಹಕ್ಕು.

ಪಾಲಕರೇ, ದೊಡ್ಡ ಹೆಸರೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಹೆಸರಿನ ಜೊತೆಗೆ ಕೆಲಸ ಮಾಡುವ ಕೈ ಯಾರದೆಂದೂ ವಿಚಾರಿಸಿ ಎನ್ನುತ್ತಿದ್ದೇನೆ, ಅಷ್ಟೆ.

ನಿನ್ನೆ ಆ ತಂದೆ ಮತ್ತೆ ಸಿಕ್ಕಿದ್ದರು. ಹೋಗಿ ವಿಚಾರಿಸಿದರಂತೆ. ಅಲ್ಲಿ ಗಣಿತ ಹೇಳಿಕೊಡುವವನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ಬುದ್ಧಿವಂತ ಹುಡುಗ. ವಿಜ್ಞಾನಕ್ಕೆ ಮಾತ್ರ ಇನ್ನೂ ಯಾರೂ ಸಿಕ್ಕಿಲ್ಲವಂತೆ! ಮಗಳನ್ನು ಗಣಿತಕ್ಕಷ್ಟೇ ಸೇರಿಸಿ, ಅಷ್ಟಕ್ಕೇ ಶುಲ್ಕ ಕಟ್ಟಿ ಬಂದಿದ್ದಾರೆ.