ಕಲ್ಲಿನ ನೆಲ ಕಿತ್ತು ಮರ ಹಾಸಬೇಕೆ?

ಯಾದಗಿರಿ, ಶಹಾಪುರ, ಸುರಪುರಗಳ ನಮ್ಮ ಸಮಾಜದಲ್ಲಿ ಈಚೆಗೆ ಒಂದು ಹೊಸ ಹಂಬಲ ತಲೆದೋರಿದೆ. ತಲೆಮಾರುಗಳ ನಡೆದಾಟದಿಂದ ನುಣುಪಾದ ಶಹಾಬಾದಿ ಪರಸಿಯನ್ನು ಕೀಳಿಸಿ ಮರದ ಹಲಗೆ ಹಾಸಿಸುವುದು ಅಂತಸ್ತಿನ ಲಕ್ಷಣವೆನಿಸಿದೆ. ಮನೆಯ ಮಾತು ಅವರವರಿಗೆ ಬಿಟ್ಟದ್ದೆಂದು ನಾನು ಸುಮ್ಮನಿದ್ದೆ. ಈಗ ನಮ್ಮ ಭಾಗದ ಒಂದು ಸ್ವಾಧ್ಯಾಯ ಮಂದಿರಕ್ಕೂ ಮರದ ನೆಲ ಮಾಡಿಸಿಕೊಡಲು ದಾನಿಯೊಬ್ಬರು ಮುಂದೆ ಬಂದಿದ್ದಾರೆ. ವಿಶ್ವಸ್ತ ಮಂಡಳಿ ಒಪ್ಪುವ ಹಂತದಲ್ಲಿದೆ. ದಾನಿಯ ಭಕ್ತಿಯಲ್ಲಿ ನನಗೆ ಸಂಶಯವಿಲ್ಲ. ಸಂಶಯವಿರುವುದು ದಾನದ ವಸ್ತುವಿನಲ್ಲಿ.

ಮರದ ಪಕ್ಷದವರ ಮೊದಲ ವಾದವಿದು: "ಒಣಗಿದ ಹಲಗೆ ಅಜೀವ, ಅದರಲ್ಲಿ ಹಿಂಸೆ ಎಲ್ಲಿಂದ ಬಂತು?" ಹಲಗೆ ಅಜೀವವೆಂಬುದು ನಿಜ. ಆದರೆ ನಮ್ಮ ಆಚಾರ್ಯರು ಕೃತ, ಕಾರಿತ, ಅನುಮೋದನಗಳೆಂದು ಮೂರು ಬಾಗಿಲುಗಳನ್ನು ತೋರಿಸಿದ್ದಾರೆ. ನಾನು ಅಂಗಡಿಯವನು, ಗಿರಾಕಿಯಿಲ್ಲದ ಸರಕನ್ನು ಯಾವ ವ್ಯಾಪಾರಿಯೂ ತರಿಸುವುದಿಲ್ಲವೆಂದು ಬಲ್ಲೆ. ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳಲ್ಲಿ ವನಕರ್ಮವೂ ಒಂದು. ನಾವು ಮಾಡಬಾರದ ವೃತ್ತಿಗೆ ಹಣ ತೆತ್ತು ಇನ್ನೊಬ್ಬನನ್ನು ನಿಯೋಜಿಸಿದರೆ ಪಾಪದ ಖಾತೆ ಬೇರೆ ಹೆಸರಿಗೆ ವರ್ಗವಾಗುತ್ತದೆಯೇ? ಲೆಕ್ಕವನ್ನೇ ನೋಡೋಣ. ಸಾವಿರ ಚದರ ಅಡಿಯ ಸಭಾಂಗಣಕ್ಕೆ 18 ಮಿ.ಮೀ. ದಪ್ಪದ ಹಲಗೆ ಹಾಸಿದರೆ ಸುಮಾರು 59 ಘನ ಅಡಿ ಮರ ಬೇಕು. ಕೊಯ್ಯುವಾಗ ಹೊಟ್ಟಾಗಿ, ತುಂಡಾಗಿ ಹೋಗುವುದು ಇದಕ್ಕೆ ಹೊರತು.

"ಕಲ್ಲಿನ ಗಣಿ ಹಿಂಸೆಯಲ್ಲವೆ?" ಎಂದು ಕೇಳುವವರಿದ್ದಾರೆ. ಹೌದು, ಹಿಂಸೆಯೇ. ಸ್ಫೋಟಕರ್ಮವೂ ಅದೇ ಹದಿನೈದರ ಪಟ್ಟಿಯಲ್ಲಿದೆ. ಪೃಥ್ವೀಕಾಯದ ಜೀವಗಳನ್ನು ನಾನು ಮರೆತಿಲ್ಲ. ಹೊಸ ಮನೆ ಕಟ್ಟುವವನಿಗೆ ಎರಡರಲ್ಲಿ ಯಾವುದೂ ನಿರ್ದೋಷವಲ್ಲ. ಆದರೆ ಇಲ್ಲಿ ಪ್ರಶ್ನೆ ಹೊಸ ಮನೆಯದಲ್ಲ. ಕಲ್ಲು ಆಗಲೇ ನೆಲದಲ್ಲಿದೆ; ಅದಕ್ಕಾಗಿ ಆದ ಹಿಂಸೆ ಆಗಿಹೋಗಿದೆ. ಗಟ್ಟಿಯಾಗಿರುವ ನೆಲವನ್ನು ಒಡೆಸಿ ಇನ್ನೊಂದನ್ನು ತರಿಸಿದರೆ ಹಳೆಯ ಹಿಂಸೆ ವ್ಯರ್ಥವಾಗುತ್ತದೆ, ಹೊಸದು ಕೂಡಿಕೊಳ್ಳುತ್ತದೆ. ನಿಷ್ಪ್ರಯೋಜಕವಾಗಿ ನೆಲವನ್ನು ಅಗೆಯುವುದನ್ನೂ ಗಿಡಮರಗಳನ್ನು ಕಡಿಯುವುದನ್ನೂ ಸಮಂತಭದ್ರರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ನಮ್ಮ ಈ ಹಂಬಲಕ್ಕೆ ಇದಕ್ಕಿಂತ ಸರಿಯಾದ ಹೆಸರು ನನಗೆ ತಿಳಿಯದು.

ಇನ್ನು ಹಾಸುವ ಕ್ರಮವನ್ನು ಗಮನಿಸಿರಿ. ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣ ಹವೆಯಲ್ಲಿ ಕುಗ್ಗುತ್ತದೆ. ಆದ್ದರಿಂದಲೇ ಗೋಡೆಯ ಸುತ್ತ ಸುಮಾರು 10 ಮಿ.ಮೀ. ಬಿಡುವು ಬಿಟ್ಟು, ಅದರ ಮೇಲೆ ಪಟ್ಟಿ ಹೊಡೆದು ಮುಚ್ಚುತ್ತಾರೆ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಹಲಗೆಗಳ ಸಂದುಗಳೂ ಬಿಡುತ್ತವೆ. ಆ ಬಿಡುವಿನಲ್ಲಿ ಸೇರುವ ಇರುವೆ, ಹುಳುಗಳು ಕಣ್ಣಿಗೆ ಕಾಣವು, ಕಸಬರಿಗೆಗೆ ಸಿಗವು. ನೋಡಿ ನಡೆಯುವುದು, ಮೃದುವಾಗಿ ಗುಡಿಸಿ ಕುಳಿತುಕೊಳ್ಳುವುದು ನಮ್ಮ ಯತ್ನಾಚಾರ. ನೋಡಲು ಬಾರದ ನೆಲದ ಮೇಲೆ ಯತ್ನಾಚಾರವೆಲ್ಲಿ?

ಇದು ಬರಿಯ ತರ್ಕವಲ್ಲ. ನನ್ನ ತಮ್ಮನ ಮನೆಯಲ್ಲಿ ಮರದ ನೆಲವಾದಾಗ ನಾನೂ ಕೈಯಾಡಿಸಿ ಮೆಚ್ಚಿದ್ದೆ. ಎರಡನೆಯ ಮಳೆಗಾಲಕ್ಕೆ ಗೆದ್ದಲು ಹತ್ತಿತು. ನೆಲಕ್ಕೆ ರಂಧ್ರ ಕೊರೆದು ವಿಷ ಇಳಿಸಿದರು. ಗೆದ್ದಲು ಇರುವೆಯಂತೆಯೇ ತ್ರೀಂದ್ರಿಯ ಜೀವ. ಅದಾದ ಮರುವಾರ ಅದೇ ಹಲಗೆಗಳ ಮೇಲೆ ಕುಳಿತು ಸಕಲ ಜೀವರಾಶಿಯ ಕ್ಷಮೆ ಬೇಡಿದೆವು. ನನ್ನ ಮೆಚ್ಚುಗೆಯೂ ಅನುಮೋದನವೇ ಆಗಿತ್ತೆಂಬುದು ಆ ದಿನ ಅರಿವಾಯಿತು; ಈ ಲೇಖನ ಆ ಋಣದ ಒಂದು ಕಂತು.

"ಹಾಗಿದ್ದರೆ ಲ್ಯಾಮಿನೇಟ್ ಹಾಕಿಸುತ್ತೇವೆ, ಅದು ಮರವಲ್ಲ" ಎನ್ನುವವರಿಗೆ ಒಂದು ಮಾತು. ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯ ಮೇಲೆ ಮರದ ಚಿತ್ರವಿರುವ ಕಾಗದವನ್ನು ಅಂಟಿಸಿರುವುದೇ ಲ್ಯಾಮಿನೇಟ್. ಮರವೂ ಹೋಯಿತು, ಮೋಹವೂ ಉಳಿಯಿತು.

"ಮುನಿಗಳೂ ಕಾಷ್ಠಫಲಕದ ಮೇಲೆ ಮಲಗುವುದಿಲ್ಲವೆ?" ಎಂಬುದು ಕೊನೆಯ ವಾದ. ಮಲಗುತ್ತಾರೆ. ಆ ಫಲಕ ದೇಹದಷ್ಟು ಅಗಲ, ತಮಗಾಗಿ ಮಾಡಿಸಿದ್ದಲ್ಲ, ಪಿಂಛಿಯಿಂದ ಶೋಧಿಸಿ ಬಳಸಿ, ಇದ್ದಲ್ಲಿಯೇ ಬಿಟ್ಟು ಹೋಗುವಂಥದು. ಅದು ಅಪರಿಗ್ರಹದ ಸಾಧನ. ಗೋಡೆಯಿಂದ ಗೋಡೆಗೆ ಹಾಸಿದ ತೇಗಕ್ಕೆ ಅದರ ಸಾಕ್ಷ್ಯ ಬೇಡ. ನಮ್ಮ ಹಿರಿಯರೂ ಮರ ಬಳಸಿದರು. ಮಾಳಿಗೆಗೆ ತೊಲೆ, ಜಂತಿ ಬೇಕಿತ್ತು. ಅಗತ್ಯವಿದ್ದ ಮರ ತಲೆಯ ಮೇಲಿತ್ತು, ಕಾಲ ಕೆಳಗೆ ಕಲ್ಲಿತ್ತು. ಭೋಗೋಪಭೋಗ ಪರಿಮಾಣವನ್ನು ಅವರು ಮನೆಯಲ್ಲಿಯೇ ಕಟ್ಟಿ ತೋರಿಸಿದ್ದರು.

ವಿಶ್ವಸ್ತ ಮಂಡಳಿಯ ಹಿರಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ದಾನವನ್ನು ತಿರಸ್ಕರಿಸಬೇಡಿರಿ, ಅದರ ದಿಕ್ಕನ್ನು ಬದಲಿಸಿರಿ. ಒಡೆದ ಪರಸಿಗಳನ್ನಷ್ಟೇ ಬದಲಿಸಿ, ಗೌಂಡಿಯನ್ನು ಕರೆಸಿ ಸಂದುಗಳನ್ನು ತುಂಬಿಸಿರಿ. ಚಳಿಗೆ ಚಾಪೆ, ಜಮಖಾನೆ ಹಾಸಿರಿ. ಮೊಣಕಾಲು ನೋವಿನ ವೃದ್ಧರಿಗೆ ಕುರ್ಚಿ ಇಡಿರಿ. ಮರವೇ ಬೇಕಾದೆಡೆ, ಕೆಡವಿದ ಹಳೆಯ ಮನೆಗಳ ಹಲಗೆಯಿಂದ ಸಾಮಾಯಿಕಕ್ಕೆ ಮಣೆಗಳನ್ನು ಮಾಡಿಸಿರಿ. ಉಳಿದ ಹಣ ಶಾಸ್ತ್ರಭಂಡಾರಕ್ಕೆ, ವಿದ್ಯಾರ್ಥಿಗಳಿಗೆ ಸಲ್ಲಲಿ. ದಾನಿಯ ಹೆಸರನ್ನು ಈಗಿರುವ ಪರಸಿಯ ಮೇಲೆಯೇ ಕೆತ್ತಿಸಬಹುದು. ಅದನ್ನು ಗೆದ್ದಲು ತಿನ್ನಲಾರದು.