ಬಫಿಂಗ್ ವೀಲ್‌ಗೆ ಹಿಡಿಯೋ ಮುಂಚೆ

ಕಳೆದ ರಜೆ ಮುಗಿಸಿ ಬಂದ ನಮ್ಮ ರೂಮ್‌ಮೇಟ್ ಒಬ್ಬ ಊರಿಂದ ಕೋಡುಬಳೆ ಡಬ್ಬದ ಜೊತೆ ಅಜ್ಜನ ಮಡಚೋ ಚಾಕುವನ್ನೂ ತಂದಿದ್ದ. ಕೊಂಬಿನ ಹಿಡಿ, ಮಂಕಾದ ಅಲಗು, ಕೀಲಿನಲ್ಲಿ ಕಪ್ಪು ಜಿಡ್ಡು. ಅಲಗಿನ ಬುಡದಲ್ಲಿ ಒಂದು ನಕ್ಷತ್ರ, ಒಂದು ಶಿಲುಬೆ, ಜೊತೆಗೆ ಜೋಸೆಫ್ ರಾಜರ್ಸ್, ಶೆಫೀಲ್ಡ್ ಅನ್ನೋ ಮುದ್ರೆ. "1885ರಲ್ಲಿ ಅಜ್ಜನ ಅಪ್ಪಂಗೆ ಒಬ್ಬ ದೊರೆ ಕೊಟ್ಟಿದ್ದಂತೆ ಕಣ್ರೋ" ಅಂದ. ಕೇಳಿದ ತಕ್ಷಣ ನಮಗೆ ಹೊಳೆದಿದ್ದು ಒಂದೇ: ವರ್ಕ್‌ಶಾಪಿಗೆ ಹೋಗಿ ಬಫಿಂಗ್ ವೀಲ್‌ಗೆ ಹಿಡಿದು ಫಳಫಳ ಮಾಡೋದು. ಆವತ್ತು ಕರೆಂಟ್ ಹೋಗಿದ್ದು ನಮ್ಮ ಪುಣ್ಯ.

ಯಾಕಂದ್ರೆ ಸಂಜೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದಾಗ ಅಲಗಿನ ಮೇಲೆ ಮಾಸಿಹೋದ ಇನ್ನೊಂದು ಪದ ಕಂಡಿತು: 'ಸ್ಟೇನ್‌ಲೆಸ್'. ಹ್ಯಾರಿ ಬ್ರಿಯರ್ಲಿ ಅದೇ ಶೆಫೀಲ್ಡ್‌ನಲ್ಲಿ ಕ್ರೋಮಿಯಂ ಬೆರೆಸಿ ಆ ಉಕ್ಕನ್ನು ಕರಗಿಸಿದ್ದು 1913ರಲ್ಲಿ. ಅಲ್ಲಿಗೆ 1885ರ ಕಥೆ ಮುಗೀತು. ಆ ಪದ ಆಸಿಡ್‌ನಿಂದ ಮೂಡಿಸಿದ್ದು, ಆಳ ಬಹಳ ಕಡಿಮೆ. ಬಫಿಂಗ್ ಮಾಡಿದ್ರೆ ಮೊದಲು ಅಳಿಯೋದೇ ಅದು. ಆಗ ಉಳೀತಿದ್ದದ್ದು ಹಳೇ ಹೆಸರು ಮತ್ತು ಹಳೇ ಕಥೆ ಮಾತ್ರ. ಅಂದ್ರೆ ಯಾರಿಗೂ ಮೋಸ ಮಾಡೋ ಯೋಚನೆ ಇಲ್ಲದೇನೇ ನಾವೊಂದು ನಕಲಿ ಆಂಟಿಕ್ ತಯಾರು ಮಾಡಿಬಿಡ್ತಿದ್ದೆವು.

ಹಳೇ ಚಾಕು ಅಂದ ಕೂಡಲೇ ಎಲ್ಲರೂ ಮುದ್ರೆ ನೋಡ್ತಾರೆ. ನಮ್ಮ ತಕರಾರು ಅಲ್ಲೇ ಇರೋದು. ಮುದ್ರೆ ಒಂದು ಸಾಕ್ಷಿ ಅಷ್ಟೇ, ತೀರ್ಪಲ್ಲ. ಅಮೆರಿಕದ ಕೇಸ್ ಕಂಪನಿ ಚಾಕುಗಳನ್ನೇ ನೋಡಿ. 1970ರಲ್ಲಿ ಅವರು ಮುದ್ರೆಯ ಕೆಳಗೆ ಹತ್ತು ಚುಕ್ಕಿ ಹಾಕಿದರು, ಆಮೇಲೆ ವರ್ಷಕ್ಕೊಂದು ಕಡಿಮೆ ಮಾಡುತ್ತಾ ಬಂದರು. ಏಳು ಚುಕ್ಕಿ ಇದ್ದರೆ 1973. ಎಷ್ಟು ಸಲೀಸು! ಆದರೆ ಅದಕ್ಕಿಂತ ಹಿಂದಿನ, 1965ರಿಂದ 69ರವರೆಗಿನ ಮುದ್ರೆಯಲ್ಲಿ ಚುಕ್ಕಿಗಳೇ ಇರಲಿಲ್ಲ. ಚುಕ್ಕಿ ಉಜ್ಜಿ ಹಾಕಿದವನಿಗೆ ಹಳೇ ಚಾಕು ಸಿಕ್ಕಂತಾಯ್ತು. ಆದ್ದರಿಂದ ಅಕ್ಷರ ಓದಿ ಸುಮ್ಮನಾಗದೆ, ಅದರ ಸುತ್ತಲಿನ ಲೋಹ ತಗ್ಗಾಗಿದೆಯಾ, ಅಲಗಿನ ಬುಡ ಒಂದು ಕಡೆ ತೆಳುವಾಗಿದೆಯಾ ಅಂತ ನೋಡಬೇಕು.

ಇಲ್ಲಿ ನಾವು ಓದೋ ಮೆಟೀರಿಯಲ್ ಸೈನ್ಸ್ ನಿಜಕ್ಕೂ ಕೆಲಸಕ್ಕೆ ಬರುತ್ತೆ (ಹೌದು, ಇಂಟರ್ನಲ್ಸ್ ಆಚೆಗೂ). ಅಲಗಿನ ಬುಡದ ಮುದ್ರೆಯನ್ನು ಒತ್ತೋದು ಉಕ್ಕು ಮೆತ್ತಗಿರುವಾಗ, ಹದ ಹಾಕೋ ಮುಂಚೆ. ಹದವಾದ ಮೇಲೆ ಹೊಸದಾಗಿ ಒತ್ತೋದು ಕಷ್ಟ. ಹಾಗಾಗಿ ನಕಲು ಮಾಡೋನು ಕೊರೀತಾನೆ, ಇಲ್ಲಾ ಆಸಿಡ್ ಹಚ್ತಾನೆ. ಲೆನ್ಸ್ ಕೆಳಗಿಟ್ಟರೆ ಒತ್ತಿದ ಗುರುತಿಗೂ ಕೊರೆದ ಗುರುತಿಗೂ ಇರೋ ವ್ಯತ್ಯಾಸ ಕಾಣುತ್ತೆ. ಹಿಡಿ ಸೆಲ್ಯುಲಾಯ್ಡ್ ಅನ್ನೋ ಅನುಮಾನ ಬಂದ್ರೆ ಬೆರಳಲ್ಲಿ ಚೆನ್ನಾಗಿ ಉಜ್ಜಿ ಮೂಸಿ ನೋಡಿ, ಕರ್ಪೂರದ ವಾಸನೆ ಬರಬಹುದು. ಬೆಂಕಿ ಮಾತ್ರ ತೋರಿಸಬೇಡಿ, ಭಗ್ ಅಂತ ಹತ್ತಿಕೊಳ್ಳುತ್ತೆ. ಒಂದು ಅಲಗು ಸವೆದು ಸಣ್ಣಗಾಗಿ ಇನ್ನೊಂದು ಹೊಸದರಂತಿದ್ದರೆ, ರಿವೆಟ್‌ಗಳಲ್ಲಿ ಒಂದು ಮಾತ್ರ ಮಿಂಚುತ್ತಿದ್ದರೆ, ಯಾರೋ ಬಿಚ್ಚಿ ಜೋಡಿಸಿರೋ ಸಾಧ್ಯತೆ ಇದೆ.

ರಿಪೇರಿ ತಪ್ಪು ಅಂತ ನಾವು ಹೇಳ್ತಿಲ್ಲ. ಮುರಿದ ಹಿಡಿ ಬದಲಾಯಿಸಿ ದಿನಾ ಬಳಸೋದು ಒಳ್ಳೇದೇ. ಬದಲಾಯಿಸಿದ್ದನ್ನು ಮುಚ್ಚಿಟ್ಟು 'ಒರಿಜಿನಲ್' ಅಂತ ಮಾರೋದು ಮೋಸ. ತೊಳೆದು ತಿಕ್ಕಿ ಗುರುತನ್ನೆಲ್ಲಾ ಅಳಿಸೋದೂ, ದುಡ್ಡಿನ ಆಸೆ ಇಲ್ಲದಿದ್ದರೂ, ಸಾಕ್ಷಿ ನಾಶವೇ.

ರಾಜರ್ಸ್ ಹೆಸರನ್ನೂ ನಕಲು ಮಾಡಿದವರಿದ್ದರು. ಹಾಗಾಗಿ ನಮ್ಮ ಗೆಳೆಯನ ಚಾಕು ಅಸಲಿ ಅಂತ ಇನ್ನೂ ಷರಾ ಬರೆದಿಲ್ಲ. ಜಿಡ್ಡನ್ನು ಒಣಬಟ್ಟೆಯಲ್ಲಿ ಒರೆಸಿ, ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು ಇಟ್ಟಿದ್ದೀವಿ. ಇಸವಿ ತಪ್ಪು ಅಂತ ಅಜ್ಜನಿಗೆ ಹೇಳೋದೋ ಬೇಡವೋ ಅಂತ ರಾತ್ರಿ ಹನ್ನೊಂದರವರೆಗೆ ಚರ್ಚೆ ಆಯ್ತು. ಕೊನೆಗೆ ಮಾರನೇ ದಿನ ಫೋನ್ ಮಾಡಿ ಹೇಳಿಯೇಬಿಟ್ಟ. ಆ ಕಡೆ ಸ್ವಲ್ಪ ಹೊತ್ತು ಮೌನ.

"ಹಂಗಾದ್ರೆ ಕೊಟ್ಟ ದೊರೆ ಬೇರೆಯವನಿರಬೇಕು" ಅಂದರಂತೆ ಅಜ್ಜ.