ಏಳನೆಯ ನಾಗರಿಕತೆ

ಪೂರ್ವಭಾಗ ಮೇಲೋ ಉತ್ತರಭಾಗ ಮೇಲೋ ಎಂಬ ಚರ್ಚೆ ನಮ್ಮ ತರಗತಿಗಳಿಗೆ ಹೊಸದಲ್ಲ. ಬಾಣನು ಮುಗಿಸದೆ ಬಿಟ್ಟುಹೋದ ಕಾದಂಬರಿಯನ್ನು ಅವನ ಮಗ ಮುಗಿಸಿದನು. ಆ ಮುಂದುವರಿಕೆಯ ವಿಷಯವಾಗಿ ಇಂದಿಗೂ ರಸಿಕರಲ್ಲಿ ಎರಡು ಮಾತುಂಟು. ಈಚೆಗೆ ನನ್ನ ವಿದ್ಯಾರ್ಥಿಗಳು ಇದೇ ಪ್ರಶ್ನೆಯನ್ನು ಒಂದು ಕಂಪ್ಯೂಟರ್ ಆಟದ ವಿಷಯದಲ್ಲಿ ಎತ್ತಿದರು. ‘ಸಿವಿಲೈಜೇಶನ್’ ಎಂಬ ಆಟಮಾಲೆಯಲ್ಲಿ ಏಳನೆಯದು 2025ರ ಫೆಬ್ರವರಿಯಲ್ಲಿ ಹೊರಬಂದಿದೆ. ಅದು ಹಿಂದಿನ ಆರಕ್ಕಿಂತ ಉತ್ತಮವೇ ಅಲ್ಲವೇ ಎಂಬುದು ಅವರ ಜಗಳ. ವಿದ್ಯಾರ್ಥಿದೆಸೆಯಲ್ಲಿ ಎರಡನೆಯದನ್ನೂ ಮೂರನೆಯದನ್ನೂ ರಾತ್ರಿ ನಿದ್ದೆಗೆಟ್ಟು ಆಡಿದವನಾದುದರಿಂದ ನನಗೂ ಈ ಜಗಳದಲ್ಲಿ ಒಂದು ಪಾಲಿದೆ.

ಸಾಹಿತ್ಯದ ಪುಟದಲ್ಲಿ ಆಟದ ಮಾತೇಕೆಂದು ಹಿರಿಯ ವಾಚಕರು ಹುಬ್ಬೇರಿಸಬಹುದು. ಚದುರಂಗ ಪಗಡೆಗಳಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಚದುರಂಗಕ್ಕೆ ಎರಡನೆಯ ಭಾಗ ಬೇಕಿಲ್ಲ. ಅದು ಯಾವ ಕಥೆಯನ್ನೂ ಹೇಳುವುದಿಲ್ಲ. ಇದಾದರೋ ಮನುಷ್ಯಕುಲದ ಕಥೆಯನ್ನೇ ಹೇಳುತ್ತೇನೆಂದು ಹೊರಟ ಆಟ. ಮೌರ್ಯರೆಂದರೆ ಯಾರು, ರೋಮ್ ಹೇಗೆ ಬೆಳೆಯಿತು, ಲಿಪಿ ಮೊದಲೋ ಕಬ್ಬಿಣ ಮೊದಲೋ ಎಂಬುದರ ಚಿತ್ರ ಇಂದಿನ ಎಷ್ಟೋ ತರುಣರಿಗೆ ಪಠ್ಯಪುಸ್ತಕಕ್ಕಿಂತ ಮೊದಲು ಈ ಪರದೆಯ ಮೇಲೆ ದೊರೆಯುತ್ತಿದೆ. ಆ ಚಿತ್ರ ಹೇಗಿದೆಯೆಂದು ನೋಡುವುದು ಅಧ್ಯಾಪಕನಾದವನ ಕೆಲಸವೇ ಸರಿ.

1991ರಲ್ಲಿ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಇದನ್ನು ರಚಿಸಿದರು. ಕ್ರಿಸ್ತಪೂರ್ವ 4000ದಲ್ಲಿ ನೆಲೆ ಹುಡುಕುವ ಒಂದು ಗುಂಪು. ಅದು ಊರು ಕಟ್ಟುತ್ತದೆ, ಅಕ್ಷರ ಕಲಿಯುತ್ತದೆ, ಕಂಚು ಎರಕ ಹೊಯ್ಯುತ್ತದೆ, ನೆರೆಯವರೊಡನೆ ಕಾದುತ್ತದೆ. ಕಡೆಗೆ ಆಲ್ಫಾ ಸೆಂಟಾರಿಯ ಕಡೆಗೆ ಆಕಾಶನೌಕೆಯನ್ನು ಹಾರಿಸುತ್ತದೆ. ಆರು ಸಾವಿರ ವರ್ಷ ಒಂದೇ ಕುಲ, ಒಂದೇ ಹೆಸರು, ಒಬ್ಬನೇ ನಾಯಕ. ಅಮೆರಿಕನ್ನರು ಕಲ್ಲಿನ ಯುಗದಲ್ಲಿಯೇ ಹುಟ್ಟಿ ಲಿಂಕನ್ನನ ಆಳಿಕೆಯಲ್ಲಿರುತ್ತಾರೆ! ನಗಬೇಕಾದ ಮಾತೇ. ಆದರೂ ಆಡುವವನಿಗೆ ನಗು ಬರುತ್ತಿರಲಿಲ್ಲ. ಮೊದಲು ನೆಟ್ಟ ಊರು ಕೊನೆಯವರೆಗೂ ತನ್ನದೇ ಆಗಿ ಉಳಿಯುತ್ತಿತ್ತೆಂಬ ಮಮತೆ ಆ ಅಸಂಗತವನ್ನೆಲ್ಲ ನುಂಗಿಬಿಡುತ್ತಿತ್ತು.

ಮುಂದಿನ ಭಾಗವನ್ನು ಮಾಡುವಾಗ ಮೂರರಲ್ಲೊಂದು ಪಾಲು ಹಳೆಯದು, ಒಂದು ಪಾಲು ತಿದ್ದಿದ್ದು, ಒಂದು ಪಾಲು ಹೊಚ್ಚಹೊಸದು ಎಂಬ ಸೂತ್ರವನ್ನು ಈ ತಯಾರಕರು ಇಟ್ಟುಕೊಂಡಿದ್ದಾರೆ. ಕವಿಗಳಿಗೂ ಒಗ್ಗುವ ಸೂತ್ರ. 1996ರ ಎರಡನೆಯ ಆಟ ಇದಕ್ಕೆ ಒಳ್ಳೆಯ ನಿದರ್ಶನ. ಮೊದಲನೆಯದರಲ್ಲಿ ಭರ್ಜಿ ಹಿಡಿದ ಪುರಾತನ ಕಾಲಾಳುಗಳು ಒಮ್ಮೊಮ್ಮೆ ಉಕ್ಕಿನ ಯುದ್ಧನೌಕೆಯನ್ನೇ ಮುಳುಗಿಸಿಬಿಡುತ್ತಿದ್ದರು. ಜಗಳವೆಲ್ಲ ದಾಳದ ಒಂದೇ ಉರುಳಿಗೆ ತೀರುತ್ತಿತ್ತು. ಎರಡನೆಯದು ಪ್ರತಿಯೊಂದು ಪಡೆಗೂ ಇಷ್ಟು ಪ್ರಾಣ, ಇಷ್ಟು ಹೊಡೆತದ ಬಲ ಎಂದು ಗೊತ್ತುಮಾಡಿ ಆ ಅಪಹಾಸ್ಯವನ್ನು ನಿಲ್ಲಿಸಿತು. ಹಳೆಯ ಕಥೆ ಹಾಗೆಯೇ ಉಳಿಯಿತು, ಅದರ ಒಂದು ಕುಂದು ಮಾತ್ರ ತೀರಿತು. ಮೂರನೆಯದು ಸಂಸ್ಕೃತಿಯ ಪ್ರಭಾವದಿಂದ ಎಲ್ಲೆಗಳು ಹಬ್ಬುವುದನ್ನು ತೋರಿಸಿತು. 2005ರ ನಾಲ್ಕನೆಯದು ಧರ್ಮಗಳನ್ನು ತಂದಿತು. ಸೋರೆನ್ ಜಾನ್ಸನ್ ರೂಪಿಸಿದ ಅದು ಈ ಮಾಲೆಯಲ್ಲಿ ಅತ್ಯಂತ ತುಂಬಿದ ಕೃತಿಯೆಂಬುದು ನನ್ನ ಮತ. (ಅದರ ಆರಂಭಗೀತೆ ಸ್ವಾಹಿಲಿ ಭಾಷೆಯ ಒಂದು ಪ್ರಾರ್ಥನೆ, ಆಟವೊಂದರ ಸಂಗೀತಕ್ಕೆ ಗ್ರ್ಯಾಮಿ ಪ್ರಶಸ್ತಿ ಮೊದಲು ದೊರೆತದ್ದು ಅದಕ್ಕೇ, 2011ರಲ್ಲಿ.)

2010ರ ಐದನೆಯದು ಚೌಕದ ಮನೆಗಳನ್ನು ಅಳಿಸಿ ಷಟ್ಕೋನದ ಮನೆಗಳನ್ನು ಹಾಕಿತು. ಒಂದು ಮನೆಯಲ್ಲಿ ಒಂದೇ ಪಡೆ ನಿಲ್ಲತಕ್ಕದ್ದೆಂಬ ಕಟ್ಟಳೆ ಮಾಡಿತು. ಯುದ್ಧಕ್ಕೆ ಸೊಗಸು ಬಂದಿತು, ನಿಜ. ಆದರೆ ಎದುರಾಳಿಯಾದ ಯಂತ್ರಕ್ಕೆ ಆ ಇಕ್ಕಟ್ಟಿನಲ್ಲಿ ಪಡೆ ನಡೆಸುವುದೇ ತಿಳಿಯದೆ ಹೋಯಿತು. ಅದರ ಮುಖ್ಯ ವಿನ್ಯಾಸಕಾರ ಜಾನ್ ಶೇಫರ್ ಮುಂದೆ ತನ್ನ ಆ ಕಟ್ಟಳೆಯ ದೋಷಗಳನ್ನು ತಾನೇ ಬರೆದು ತೋರಿಸಿದ್ದಾನೆ. ಅಂಥ ಪ್ರಾಮಾಣಿಕತೆ ನಮ್ಮ ಗ್ರಂಥಕರ್ತರಲ್ಲಿ ಅಪರೂಪ. 2016ರ ಆರನೆಯದು ಊರನ್ನು ಕೇರಿಕೇರಿಯಾಗಿ ಬಿಡಿಸಿ ನೆಲದ ಮೇಲೆ ಹರಡಿತು. ಚೆಲುವಾದ ಕಲ್ಪನೆ.

ಈಗ ಏಳನೆಯದು. ಇದರಲ್ಲಿ ಕಾಲವು ಪ್ರಾಚೀನ, ಅನ್ವೇಷಣೆ, ಆಧುನಿಕ ಎಂದು ಮೂರು ಯುಗಗಳಾಗಿ ಒಡೆದಿದೆ. ಯುಗ ಮುಗಿಯುವಾಗ ಒಂದು ಸಂಕಟ ಬರುತ್ತದೆ. ಆಟ ಬಿಡುಗಡೆಯಾದಾಗಿನ ಕಟ್ಟಳೆಯಂತೆ, ಅದು ದಾಟಿದ ಮೇಲೆ ಆಟಗಾರನು ತನ್ನ ನಾಗರಿಕತೆಯನ್ನು ಬಿಟ್ಟು ಬೇರೊಂದನ್ನು ಆರಿಸಿಕೊಳ್ಳಬೇಕಾಗಿತ್ತು. ನಾಯಕ ಮಾತ್ರ ಅವನೇ. ಆಟ ಹೊರಬಂದಾಗ ಇದ್ದಂತೆ, ಯುಗಾಂತ್ಯದಲ್ಲಿ ನಡೆಯುತ್ತಿದ್ದ ಯುದ್ಧಗಳು ಅರ್ಧದಲ್ಲಿಯೇ ನಿಂತುಹೋಗುತ್ತಿದ್ದವು, ರಾಜಧಾನಿಯೊಂದನ್ನುಳಿದು ನಗರಗಳು ಮತ್ತೆ ಸಣ್ಣ ಪಟ್ಟಣಗಳಾಗುತ್ತಿದ್ದವು. ಇದಕ್ಕೆ ಕಾರಣವಿಲ್ಲದಿಲ್ಲ. ಹಳೆಯ ಆಟಗಳಲ್ಲಿ ಗೆಲ್ಲುವವನು ಯಾರೆಂದು ಮಧ್ಯದಲ್ಲಿಯೇ ತಿಳಿದುಹೋಗಿ, ಬಹುಪಾಲು ಆಟಗಾರರು ಕೊನೆಯನ್ನೇ ಮುಟ್ಟುತ್ತಿರಲಿಲ್ಲವೆಂದು ತಯಾರಕರು ಹೇಳಿದ್ದಾರೆ. ಕುಲ ಬದಲಾಯಿಸುವ ಈ ಕಲ್ಪನೆಯೂ ಪೂರ್ತಿ ಇವರದಲ್ಲ. 2021ರಲ್ಲಿ ಬಂದ ‘ಹ್ಯೂಮನ್‌ಕೈಂಡ್’ ಎಂಬ ಆಟ ಅದನ್ನು ಆಗಲೇ ಮಾಡಿತ್ತು.

ಒಂದು ದೃಷ್ಟಿಯಿಂದ ಇದು ಹಳೆಯದಕ್ಕಿಂತ ನಿಜಕ್ಕೆ ಹತ್ತಿರ. ಯಾವ ರಾಜ್ಯವೂ ಆರು ಸಾವಿರ ವರ್ಷ ಬಾಳಲಿಲ್ಲ. ಕದಂಬರು ಹೋದರು, ಚಾಲುಕ್ಯರು ಬಂದರು. ಅವರ ಮೇಲೆ ರಾಷ್ಟ್ರಕೂಟರು. ಆದರೆ ಬದಲಾವಣೆ ಹೇಗೆ ಆಗುತ್ತದೆಂಬುದನ್ನು ನೋಡಬೇಕು. 973ರಲ್ಲಿ ಮಾನ್ಯಖೇಟದ ಆಳಿಕೆಯನ್ನು ಕೊನೆಗಾಣಿಸಿದ ತೈಲಪನು ಹೊರಗಿನಿಂದ ಇಳಿದು ಬಂದವನಲ್ಲ, ರಾಷ್ಟ್ರಕೂಟರ ಸಾಮಂತನೇ. ಪಂಪನ ಒಡೆಯನು ರಾಷ್ಟ್ರಕೂಟರಿಗೆ ಅಧೀನನಾಗಿದ್ದ ಅರಿಕೇಸರಿ. ರನ್ನನಿಗೆ ಆಶ್ರಯ ಕೊಟ್ಟವರು ಅವರನ್ನು ಕೆಡವಿದ ಚಾಲುಕ್ಯರು. ಈ ಇಬ್ಬರ ನಡುವೆ ಒಂದು ಸಾಮ್ರಾಜ್ಯವೇ ಬಿದ್ದು ಇನ್ನೊಂದು ಎದ್ದಿತು. ಹಾಗೆಂದು ರನ್ನನು ಬರಿಯ ಓಲೆಯಿಂದ ಆರಂಭಿಸಿದನೇ? ಪಂಪನ ನುಡಿಯನ್ನೂ ಚಂಪೂವಿನ ಬಂಧವನ್ನೂ ತನ್ನ ರಾಜನನ್ನು ಕಥಾನಾಯಕನೊಡನೆ ಒಂದುಗೂಡಿಸುವ ಕ್ರಮವನ್ನೂ ಕೈಯಲ್ಲಿ ಹಿಡಿದೇ ಅವನು ಗದಾಯುದ್ಧಕ್ಕೆ ಹೊರಟನು. ಹಿಂದಿನದನ್ನೆಲ್ಲ ಸಿಂಹಾವಲೋಕನದಿಂದ ತಿರುಗಿ ನೋಡಿದನು. ಅರಮನೆಯ ಮುದ್ರೆ ಬದಲಾಯಿತೇ ಹೊರತು ನೇಗಿಲು, ನುಡಿ, ಕೆರೆಯ ಏರಿ ಬದಲಾಗಲಿಲ್ಲ. ಹಳಗನ್ನಡ ನಡುಗನ್ನಡವಾದ ದಿನ ಯಾವುದೆಂದು ಯಾರು ಹೇಳಬಲ್ಲರು? ಏಳನೆಯ ಆಟ ಬದಲಾವಣೆಯನ್ನು ಕಂಡಿದೆ, ಅದರ ಕೆಳಗೆ ಹರಿಯುವ ಅನುಸ್ಯೂತಿಯನ್ನು ಕಾಣಲಿಲ್ಲ. ಮೊದಲ ಆರು ಅನುಸ್ಯೂತಿಯನ್ನು ಮಾತ್ರ ಕಂಡಿದ್ದವು.

ಭಾರತದ ಪಾಲಿಗೆ ಇದು ಒಂದು ವಿಚಿತ್ರವನ್ನೂ ಹುಟ್ಟಿಸಿದೆ. ಮೊದಲ ಆರು ಆಟಗಳಲ್ಲೂ ನಮ್ಮ ದೇಶಕ್ಕೆ ಗಾಂಧೀಜಿ ನಾಯಕರಾಗಿದ್ದರು, ಕಲ್ಲಿನ ಯುಗದಿಂದಲೂ! ಏಳನೆಯದು ಹೊರಬಂದಾಗ ಅವರಿರಲಿಲ್ಲ, ಅಶೋಕನಿದ್ದನು. ‘ಭಾರತ’ವೆಂಬ ಒಂದೇ ಕುಲದ ಬದಲು ಯುಗಕ್ಕೊಂದರಂತೆ ಮೌರ್ಯರು, ಚೋಳರು, ಮೊಗಲರು ಬಂದರು. ಹಿಂದಿನ ಆರಕ್ಕಿಂತ ಇದು ಎಷ್ಟೋ ಮೇಲು. ದಕ್ಷಿಣಕ್ಕೊಂದು ಪ್ರತ್ಯೇಕ ಹೆಸರಾದರೂ ದೊರೆಯಿತು. ಆದರೆ ಮೌರ್ಯನಾಗಿ ಆಡಿದವನು ಮರುಯುಗದಲ್ಲಿ ಚೋಳನಾಗುವುದು ಹೇಗೆ? ಅಶೋಕನೇ ತನ್ನ ಶಿಲಾಶಾಸನಗಳಲ್ಲಿ ಚೋಳರನ್ನೂ ಪಾಂಡ್ಯರನ್ನೂ ತನ್ನ ಗಡಿಯಾಚೆಯ ನೆರೆಯವರೆಂದು ಹೆಸರಿಸಿದ್ದಾನೆ. ಅವರು ಅವನ ಸಮಕಾಲೀನರು, ಉತ್ತರಾಧಿಕಾರಿಗಳಲ್ಲ. ಅವನ ಆಜ್ಞೆ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯವರೆಗೆ ಬಂದು ಬಂಡೆಯ ಮೇಲೆ ನಿಂತಿದೆ. ಅದರಿಂದ ಇನ್ನೂ ಕೆಳಗೆ ದೂರ ಹೋದರೆ ಬೇರೆಯವರ ನಾಡು. ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗ ಆಟ ಬಲ್ಲ ಹುಡುಗರೇ ಮೊದಲು ಕಿವಿ ನಿಮಿರಿಸಿದರು. ಅಷ್ಟರ ಮಟ್ಟಿಗೆ ತಪ್ಪು ಚಿತ್ರವೂ ಪಾಠಕ್ಕೆ ನೆರವಾಯಿತೆನ್ನಬೇಕು.

ಬಿಡಿ ಗುಣಗಳನ್ನು ಎಣಿಸಿದರೆ ಏಳನೆಯದಕ್ಕೆ ಅಂಕ ಕೊಡಲು ನನಗೆ ಸಂಕೋಚವಿಲ್ಲ. ಹಡಗು ಒಳನಾಡಿಗೆ ಏರಿಬರಬಲ್ಲ ದೊಡ್ಡ ನದಿಗಳಿವೆ; ಪಡೆಗಳನ್ನೆಲ್ಲ ಒಬ್ಬ ದಳಪತಿಯ ಹಿಂದೆ ಕಟ್ಟಿ ಒಯ್ಯುವ ಏರ್ಪಾಡಿನಿಂದ ಐದನೆಯದರ ಇಕ್ಕಟ್ಟು ಬಹುಮಟ್ಟಿಗೆ ತೀರಿದೆ; ಕಟ್ಟಡಗಳ ಚಿತ್ರಣ ಕಣ್ಣಿಗೆ ಹಬ್ಬ. ಆದರೂ ಬಿಡುಗಡೆಯಾದಾಗ ಕೊಂಡವರಲ್ಲಿ ಅನೇಕರು ಮುಖ ಸಿಂಡರಿಸಿದುದು ಆಶ್ಚರ್ಯವಲ್ಲ. ಅವರು ಕಳೆದುಕೊಂಡದ್ದು ಒಂದು ಸೌಕರ್ಯವನ್ನಲ್ಲ, ಮೊದಲು ನೆಟ್ಟ ಊರನ್ನು. ಯುಗಾಂತ್ಯದ ಸಂಕಟವನ್ನು ಹಾಗೆಯೇ ಉಳಿಸಿ, ಹಳೆಯ ಕುಲದ ನುಡಿಯನ್ನೋ ಕಟ್ಟಳೆಯನ್ನೋ ಹಗೆತನವನ್ನೋ ಹೊಸ ಕುಲಕ್ಕೆ ಬಿಡದೆ ಅಂಟಿಸಿದ್ದರೆ, ಸೋತವನು ಗೆದ್ದವನ ಸಾಮಂತನಾಗಿ ಉಳಿದು ಮುಂದೊಂದು ದಿನ ತೈಲಪನಂತೆ ಎದ್ದು ನಿಲ್ಲಲು ಅವಕಾಶವಿದ್ದಿದ್ದರೆ, ಇದನ್ನು ನಾಲ್ಕನೆಯದರ ಮೇಲಿಡಲು ನಾನು ಹಿಂದೆಗೆಯುತ್ತಿರಲಿಲ್ಲ. ಈಗಿನ ಮಟ್ಟಿಗೆ ನನ್ನ ಎಣಿಕೆಯಲ್ಲಿ ನಾಲ್ಕನೆಯದೇ ಮೇಲು. ಏಳನೆಯದನ್ನು ಕೊಳ್ಳಲು ಹಣ ಕೂಡಿಡುತ್ತಿರುವ ವಿದ್ಯಾರ್ಥಿ ಮೊದಲು ಅದನ್ನು ಆಡಲಿ, ಆಮೇಲೆ ಮಸ್ಕಿಗೆ ಹೋಗಿಬರಲಿ.